ಎರಡು ತುಂಡಿನ ಕೋವಿ

ಊಟದ ಮೇಜಿನ ಮೇಲಿರುವ ಈ ಕಪ್ಪು ಬೆನ್ನುಚೀಲವನ್ನು ಕಂಡು ನನ್ನ ಮಗಳ ಗೆಳತಿಯೊಬ್ಬಳು ಒಳಗಿರುವುದು ಪಿಟೀಲೇ ಎಂದು ಕೇಳಿದ್ದಳು. ಉದ್ದ, ಅಗಲ, ತೂಕ ಯಾವುದರಲ್ಲೂ ಅವಳ ಊಹೆ ತೀರಾ ತಪ್ಪಾಗಿರಲಿಲ್ಲ. ಜಿಪ್ಪನ್ನು ಎಳೆದರೆ ನಿಮಗೆ ಕಾಣುವುದು ಎರಡು ತುಂಡಾಗಿ ಮಲಗಿರುವ ಒಂದು ಕೋವಿ: ರೂಗರ್ 10/22 ಟೇಕ್‌ಡೌನ್, ಅಂದರೆ .22 ಬೋರಿನ, ಕಳಚಿ ಜೋಡಿಸಬಹುದಾದ ರಿಮ್‌ಫೈರ್ ರೈಫಲ್. 1964ರಿಂದ ತಯಾರಾಗುತ್ತಿರುವ 10/22 ಮಾದರಿಗೆ ಈ ಎರಡು ತುಂಡಿನ ರೂಪ ಬಂದದ್ದು 2012ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ಕಾಡುಗಳಲ್ಲಿ ಅಳಿಲು ಮತ್ತು ಮೊಲದ ಬೇಟೆಗೆ ನಾನು ಇದನ್ನು ನಾಲ್ಕು ಋತುಗಳಿಂದ ಹೊತ್ತು ತಿರುಗುತ್ತಿದ್ದೇನೆ. ಇಂದಿನ ವ್ಲಾಗ್ ಇದನ್ನು ಇಟ್ಟುಕೊಳ್ಳುವುದರಲ್ಲಿ ನಾನು ಕಲಿತ ಒಂದೇ ಒಂದು ಪಾಠದ ಸುತ್ತ ಇದೆ. ಆ ಪಾಠಕ್ಕಾಗಿ ನಾನು ಬಹಳಷ್ಟು ತೋಟೆಗಳನ್ನು ಖರ್ಚು ಮಾಡಿದ್ದೇನೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಒಂದು ಕೋವಿ ಇತ್ತು. ಅದು ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿನಳಿಗೆಯ ತೋಟೆ ಕೋವಿ. ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಠೇವಣಿಯಾಗಿ ಕುಳಿತು, ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನನ್ನ ಪಾಲಿಗೆ ಬೇಟೆಯೆಂಬುದು ಹಿರಿಯರ ಬಾಯಲ್ಲಿ ಉಳಿದ ಮಾತುಗಳಷ್ಟೇ ಆಗಿತ್ತು: ಮರಸಿಗೆ ಕೂರುವುದು (ಅಡಗಿ ಕಾಯುವುದು), ಹಳು ಸೋವುವುದು (ಪೊದೆ ಬಡಿದು ಪ್ರಾಣಿಯನ್ನು ಎಬ್ಬಿಸುವುದು), ಮಿಕ (ಬೇಟೆಯ ಪ್ರಾಣಿ), ಈಡು (ಗುಂಡಿನ ಹೊಡೆತ). ಆ ಪದಗಳಿಗೆ ಅರ್ಥ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ.

ಕೊಳ್ಳುವ ಕ್ರಮವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಇಲ್ಲಿರುವ ಕನ್ನಡಿಗರು ಅದನ್ನೇ ಹೆಚ್ಚಾಗಿ ಕೇಳುತ್ತಾರೆ. ಎಚ್-1ಬಿಯಂತಹ ತಾತ್ಕಾಲಿಕ ಕೆಲಸದ ವೀಸಾದ ಮೇಲಿರುವವರಿಗೆ ಬಂದೂಕು ಹೊಂದುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಊರ್ಜಿತವಾದ ಬೇಟೆ ಪರವಾನಗಿ ಇದ್ದವರಿಗೆ ಅದರಲ್ಲಿ ಒಂದು ವಿನಾಯಿತಿ ಇದೆ. ನಾನು ಆ ಸಣ್ಣ ಬಾಗಿಲಿನಲ್ಲಿ ನುಸುಳಲು ಹೋಗದೆ ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ಅಂಗಡಿಯಲ್ಲಿ 4473 ಎಂಬ ನಮೂನೆಯನ್ನು ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿದ ಮೇಲೆ ಕೋವಿ ಕೈಗೆ ಬಂತು. ಅದಕ್ಕಿಂತ ಮೊದಲೇ ರಾಜ್ಯದ ಬೇಟೆ ಶಿಕ್ಷಣದ ಕೋರ್ಸನ್ನು ಮುಗಿಸಿದ್ದೆ. ಪೆನ್ಸಿಲ್ವೇನಿಯಾದಲ್ಲಿ ಮೊದಲ ಬಾರಿ ಪರವಾನಗಿ ಪಡೆಯುವವರು, ವಯಸ್ಸು ಎಷ್ಟೇ ಆಗಿದ್ದರೂ, ಅದನ್ನು ಮುಗಿಸಲೇಬೇಕು. ಇನ್ನೊಂದು ವಿಷಯ: ಇಲ್ಲಿ ಸ್ವಯಂಚಾಲಿತವಾಗಿ ಮುಂದಿನ ತೋಟೆ ತುಂಬಿಕೊಳ್ಳುವ ರೈಫಲ್‌ಗಳಿಗೆ ಸಣ್ಣ ಬೇಟೆಯಲ್ಲಿ ಅನುಮತಿ ಸಿಕ್ಕಿದ್ದು 2017ರಲ್ಲಿ. ಅದಕ್ಕೂ ಮೊದಲಾಗಿದ್ದರೆ ಈ ಕೋವಿಯನ್ನು ಕಾಡಿಗೆ ಒಯ್ಯುವಂತೆಯೇ ಇರಲಿಲ್ಲ.

ಈಗ ನನ್ನ ಕೈಗಳನ್ನು ಗಮನಿಸಿ. ಮೊದಲು ಮ್ಯಾಗಝೀನ್ ಹೊರಬರುತ್ತದೆ; ಹತ್ತು ತೋಟೆ ಹಿಡಿಯುವ ಈ ಮ್ಯಾಗಝೀನ್‌ನೊಳಗೆ ರಾಟೆಯಂತೆ ತಿರುಗುವ ಭಾಗವೊಂದಿದ್ದು, ಅದರಿಂದಾಗಿಯೇ ಅದು ಕೋವಿಯ ಹೊಟ್ಟೆಯಿಂದ ಹೊರಗೆ ಚಾಚುವುದಿಲ್ಲ. ಬಳಿಕ ತೋಟೆಯನ್ನು ಒಳಕ್ಕೆ ತಳ್ಳುವ ಬೋಲ್ಟನ್ನು ಹಿಂದಕ್ಕೆಳೆದು ನಿಲ್ಲಿಸಿ, ಗುಂಡಿನ ಕೋಣೆ ಖಾಲಿಯಿದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ಪರೀಕ್ಷಿಸುತ್ತೇನೆ. ಮುಂಗೈ ಹಿಡಿಯುವ ಭಾಗದ ಅಡಿಯಲ್ಲಿ ಹುದುಗಿರುವ ಸಣ್ಣ ಸನ್ನೆಯನ್ನು ಒತ್ತಿ, ನಳಿಗೆಯನ್ನು ತಿರುವಿ ಎಳೆದರೆ ಕೋವಿ ಎರಡಾಗುತ್ತದೆ. ಜೋಡಿಸಿದಾಗ 37 ಇಂಚು ಉದ್ದವಿದ್ದದ್ದು ಈಗ ಸುಮಾರು 20 ಇಂಚಿನ ಎರಡು ತುಂಡುಗಳು. ಒಟ್ಟು ತೂಕ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಯಾವ ಉಪಕರಣವೂ ಬೇಡ. ಹದಿನೆಂಟನೆಯ ಶತಮಾನದಲ್ಲಿ ಇದೇ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯ ಜರ್ಮನ್ ಮೂಲದ ಕಮ್ಮಾರರು ಮನುಷ್ಯನ ಎದೆಮಟ್ಟಕ್ಕೂ ಮೀರುವ ಉದ್ದನೆಯ ರೈಫಲ್‌ಗಳನ್ನು ಮಾಡುತ್ತಿದ್ದರು. ಅವರ ಮುಂದೆ ಈ ಬೆನ್ನುಚೀಲವನ್ನು ಬಿಚ್ಚಿಟ್ಟಿದ್ದರೆ ಏನೆನ್ನುತ್ತಿದ್ದರೋ!

ಕಳಚುವ ಕೋವಿಯ ಕಲ್ಪನೆಯೇನೂ ಹೊಸದಲ್ಲ. ಜಾನ್ ಬ್ರೌನಿಂಗ್ ರಚಿಸಿದ .22 ರೈಫಲನ್ನು ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯು 1914ರಲ್ಲಿಯೇ ತಯಾರಿಸತೊಡಗಿತ್ತು; ಅದೂ ತಿರುವಿದರೆ ಎರಡಾಗುತ್ತದೆ. ಇಷ್ಟು ಸುಲಭವಾಗಿ ಬೇರೆಯಾಗುವ ವಸ್ತು ಮತ್ತೆ ಕೂಡಿದಾಗ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆಯೇ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು.

ನಾನು ಆ ಪ್ರಶ್ನೆಯನ್ನು ಕೇಳಿಕೊಂಡದ್ದು ತಡವಾಗಿ. ಮೊದಲ ವರ್ಷ ಎಲ್ಲರಂತೆ ನಾನೂ ಒಂದು ದುರ್ಬೀನನ್ನು ತಂದು ರಿಸೀವರ್ ಮೇಲೆ, ಅಂದರೆ ಕೋವಿಯ ಹಿಂದಿನ ತುಂಡಿನ ಮೇಲೆ ಕೂರಿಸಿದೆ. ಗುಂಡಿನ ಹಾದಿಯನ್ನು ನಿರ್ಧರಿಸುವ ನಳಿಗೆ ಮುಂದಿನ ತುಂಡಿನಲ್ಲಿದೆ, ಅದನ್ನು ನೋಡಬೇಕಾದ ಕಣ್ಣು ಹಿಂದಿನ ತುಂಡಿನಲ್ಲಿದೆ. ಇವೆರಡರ ನಡುವಿನ ಸಂಬಂಧವನ್ನು ನಾನು ಪ್ರತಿ ವಾರ ಕೈಯಾರೆ ಬಿಡಿಸಿ ಮತ್ತೆ ಕಟ್ಟುತ್ತಿದ್ದೆ. ಸಾಲದ್ದಕ್ಕೆ, ಜೋಡಣೆ ಬಿಗಿಯಾಗಿರಲೆಂದು ನಳಿಗೆಯ ಬುಡದಲ್ಲಿ ಕೊಟ್ಟಿರುವ ಹೊಂದಾಣಿಕೆಯ ಬಳೆಯನ್ನು ನಾನು ಸರಿಯಾಗಿ ಬಿಗಿಗೊಳಿಸಿಯೇ ಇರಲಿಲ್ಲ. ಕೈಪಿಡಿಯನ್ನು ಓದದೆ ಚೀಲದಲ್ಲೇ ಬಿಟ್ಟವನ ತಪ್ಪು ಅದು. ಅಕ್ಟೋಬರ್‌ನ ಒಂದು ಬೆಳಿಗ್ಗೆ ಮೂವತ್ತು ಗಜ ದೂರದಲ್ಲಿ, ಓಕ್ ಮರದ ಕವಲಿನಲ್ಲಿ ಅಲುಗಾಡದೆ ಕುಳಿತಿದ್ದ ಅಳಿಲಿನ ತಲೆಗೆ ಗುರಿಯಿಟ್ಟು ಹೊಡೆದ ಗುಂಡು ಅದರ ಪಕ್ಕದ ತೊಗಟೆಯನ್ನು ಸಿಡಿಸಿತು. ಅದಕ್ಕೆ ಗಾಯವಾಗಲಿಲ್ಲ ಎಂಬುದೊಂದೇ ನೆಮ್ಮದಿ. ಅಳಿಲಿನ ತಲೆಯಲ್ಲಿ ಗುಂಡು ತಾಗಬೇಕಾದ ಜಾಗದ ಅಗಲ ಒಂದೂವರೆ ಇಂಚು ಇದ್ದೀತು. ಒಂದು ಇಂಚು ಆಚೆ ಹೋದರೆ ಗುಂಡು ಗಾಳಿಗೆ ಹೋಗುತ್ತದೆ, ಇಲ್ಲವೇ ದವಡೆ ಮುರಿದ ಪ್ರಾಣಿಯೊಂದು ಪೊಟರೆಯೊಳಗೆ ಹೋಗಿ ದಿನಗಟ್ಟಲೆ ಸಾಯುತ್ತದೆ.

ಆ ವಾರವೇ ಗುರಿಯ ಮೈದಾನಕ್ಕೆ ಹೋಗಿ ಒಂದು ಪರೀಕ್ಷೆಗೆ ಕುಳಿತೆ. ತೋಟೆಯ ಒಂದು ಪೆಟ್ಟಿಗೆಯಲ್ಲಿ 50 ಇರುತ್ತವೆ. ಐದು ಹೊಡೆಯುವುದು, ಕೋವಿಯನ್ನು ಕಳಚುವುದು, ಜೋಡಿಸುವುದು, ಹೊಸ ಕಾಗದಕ್ಕೆ ಮತ್ತೆ ಐದು. ಹೀಗೆ ಹತ್ತು ಕಾಗದಗಳು. ದೂರ 50 ಗಜ, ಕೋವಿಯ ಕೆಳಗೆ ಮರಳಿನ ಚೀಲ. ಬಳೆಯನ್ನು ಈ ಸಲ ಸರಿಯಾಗಿ ಬಿಗಿದಿದ್ದೆ. ಪ್ರತಿ ಕಾಗದದಲ್ಲಿಯೂ ಐದು ತೂತುಗಳು ಒಂದೂಕಾಲು ಇಂಚಿನೊಳಗೆ ಒತ್ತಾಗಿ ಬಿದ್ದವು. ಈ ಬೆಲೆಯ ಕೋವಿಯಿಂದ ಅದಕ್ಕಿಂತ ಹೆಚ್ಚು ಕೇಳುವುದು ದುರಾಸೆ. ಆದರೆ ಹತ್ತೂ ಕಾಗದಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಾಗ ಆ ಗುಂಪುಗಳು ಒಂದೇ ಕಡೆ ಇರಲಿಲ್ಲ. ಒಂದು ಗುಂಪು ಅರ್ಧ ಇಂಚು ಮೇಲೆ, ಇನ್ನೊಂದು ಮುಕ್ಕಾಲು ಇಂಚು ಬಲಕ್ಕೆ. ಡಬ್ಬಿಗೆ ಹೊಡೆಯುವವನಿಗೆ ಇದು ಏನೂ ಅಲ್ಲ. ಒಂದೂವರೆ ಇಂಚನ್ನು ನಂಬಿ ಕುದುರೆ ಎಳೆಯುವವನಿಗೆ ಇದೇ ಎಲ್ಲ.

ಪರಿಹಾರ ಪೆಟ್ಟಿಗೆಯಿಂದ ಬಂದ ಕೋವಿಯಲ್ಲೇ ಇತ್ತು. ಗುರಿ ಹಿಡಿಯಲೆಂದೇ ಈ ರೈಫಲಿಗೆ ಕೊಟ್ಟಿರುವ ಮುಂದಿನ ಚಿನ್ನದ ಬಣ್ಣದ ಮಣಿಯೂ ಹಿಂದಿನ ಮಡಚುವ ಎಲೆಯೂ ಎರಡೂ ನಳಿಗೆಯ ಮೇಲೆಯೇ ಇವೆ. ಆದ್ದರಿಂದ ನಳಿಗೆಯನ್ನು ನೂರು ಸಲ ಕಳಚಿದರೂ ಅವುಗಳ ಮತ್ತು ಗುಂಡಿನ ನಡುವಿನ ಸಂಬಂಧ ಕೆಡುವುದಿಲ್ಲ. ದುರ್ಬೀನನ್ನು ತೆಗೆದು ಅವುಗಳಿಂದಲೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಗುಂಪುಗಳು ಅಲೆದಾಡುವುದು ನಿಂತಿತು, ಆದರೆ ನನ್ನ ನಲವತ್ತೈದರ ಕಣ್ಣು ಪ್ರತಿ ಗುಂಪನ್ನೂ ಎರಡೂವರೆ ಇಂಚಿಗೆ ಹಿಗ್ಗಿಸಿತು. ಕೊನೆಗೆ ಹಿಂದಿನ ಎಲೆಯನ್ನು ತೆಗೆದು, ಆ ಜಾಗದಲ್ಲಿ ನಳಿಗೆಗೇ ಕಚ್ಚಿಕೊಳ್ಳುವ ಸಣ್ಣ ಪಟ್ಟಿಯೊಂದನ್ನು ಹಾಕಿಸಿ, ಅದರ ಮೇಲೆ ಕೆಂಪು ಚುಕ್ಕೆ ತೋರಿಸುವ ಗುರಿಗಾಜನ್ನು ಕೂರಿಸಿದೆ. ಈಗ ಕಣ್ಣೂ ನಳಿಗೆಯೂ ಒಂದೇ ತುಂಡಿನಲ್ಲಿ ಪ್ರಯಾಣ ಮಾಡುತ್ತವೆ. ಹತ್ತು ಕಾಗದಗಳ ಪರೀಕ್ಷೆ ಮೂರನೆಯ ಸಲ ನಡೆಯಿತು. ಉಳಿದ ವ್ಯತ್ಯಾಸ ನನ್ನ ಉಸಿರಿನದ್ದು ಮಾತ್ರ. ಕಳಚುವ ಕೋವಿಗೆ ದುರ್ಬೀನು ಎಲ್ಲಿರಬೇಕೆಂದು ಕೇಳುವವರಿಗೆ ನಾನು ಈ ಮೂವತ್ತು ಕಾಗದಗಳನ್ನು ತೋರಿಸುತ್ತೇನೆ.

ಗೆಳೆಯರೊಬ್ಬರ ಬಳಿ ಇರುವ ಎಆರ್-7 ಕೋವಿಯನ್ನೂ ಇಲ್ಲಿ ನೆನೆಯಬೇಕು. ಎಆರ್-15 ಎಂಬ ಹೆಸರಾಂತ ರೈಫಲನ್ನು ರಚಿಸಿದ ಯುಜೀನ್ ಸ್ಟೋನರ್ ಅವರೇ 1950ರ ದಶಕದ ಕೊನೆಯಲ್ಲಿ ಇದನ್ನೂ ರೂಪಿಸಿದರು. ನೆಲಕ್ಕಿಳಿದ ವಿಮಾನಚಾಲಕರಿಗೆಂದು ಅಮೆರಿಕದ ವಾಯುಸೇನೆ ಕೇಳಿದ್ದ ರೈಫಲಿನ ವಂಶ ಅದು. ನಳಿಗೆ, ರಿಸೀವರ್, ಮ್ಯಾಗಝೀನ್ ಎಲ್ಲವೂ ಪ್ಲಾಸ್ಟಿಕ್ ಹಿಡಿಯ ಹೊಟ್ಟೆಯೊಳಗೆ ಅಡಗುತ್ತವೆ, ಒಟ್ಟು ತೂಕ ಒಂದೂವರೆ ಕಿಲೋ ದಾಟಿದರೆ ಹೆಚ್ಚು, ನೀರಿಗೆ ಬಿದ್ದರೆ ತೇಲುತ್ತದೆ. ದೋಣಿಯಲ್ಲಿ ಇಡಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ಗುರಿ ಹಿಡಿಯುವ ಅದರ ಮುಂದಿನ ಮಣಿ ನಳಿಗೆಯ ಮೇಲೆ, ಹಿಂದಿನ ಎಲೆ ರಿಸೀವರ್ ಮೇಲೆ; ನನ್ನ ದುರ್ಬೀನಿನ ತೊಂದರೆಯೇ ಅಲ್ಲೂ ಇದೆ. ಇಂತಹ ಕೋವಿಗಳ ನಳಿಗೆಯನ್ನು ಇನ್ನೂ ಗಿಡ್ಡ ಮಾಡಬಾರದೇ ಎಂದು ಕೇಳುವವರಿಗೆ ಉತ್ತರ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಿಂದ ಬರುತ್ತದೆ: 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್ ಬೇರೆಯೇ ನೋಂದಣಿಯನ್ನು ಬೇಡುತ್ತದೆ.

ತೋಟೆಯ ವಿಷಯಕ್ಕೆ ಬರೋಣ. .22 ಲಾಂಗ್ ರೈಫಲ್ ಎಂಬ ಈ ತೋಟೆ 1887ರಿಂದ ಇದೆ. ಹಿತ್ತಾಳೆಯ ತಳದ ಅಂಚಿನೊಳಗೇ ಕಿಡಿಮದ್ದನ್ನು ತುಂಬಿರುತ್ತಾರೆ, ಸೂಜಿ ಆ ಅಂಚನ್ನು ಜಜ್ಜಿದರೆ ಕಿಡಿ ಹೊತ್ತುತ್ತದೆ. ರಿಮ್‌ಫೈರ್ ಎಂಬ ಹೆಸರು ಅದರಿಂದಲೇ ಬಂದದ್ದು. ಗುಂಡಿನ ಸಾಮಾನ್ಯ ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ಸೆಕೆಂಡಿಗೆ ಸುಮಾರು 1,070 ಅಡಿ ವೇಗದ ನಿಧಾನದ ತೋಟೆ ಶಬ್ದದ ವೇಗಕ್ಕಿಂತ ಕೆಳಗಿರುವುದರಿಂದ ಗಾಳಿಯಲ್ಲಿ ಚಾಟಿಯ ಸದ್ದು ಮಾಡುವುದಿಲ್ಲ. ಒಂದು ಅಳಿಲು ಬಿದ್ದರೂ ಪಕ್ಕದ ಮರದವು ಬೇಗ ಮತ್ತೆ ಓಡಾಡತೊಡಗುತ್ತವೆ. 1,240 ಅಡಿಯ ಸುಮಾರಿನ ವೇಗದವು ಸದ್ದು ಹೆಚ್ಚು ಮಾಡಿದರೂ ಬೋಲ್ಟನ್ನು ತಪ್ಪದೆ ಓಡಿಸುತ್ತವೆ. 50 ಗಜಕ್ಕೆ ಗುರಿ ಹೊಂದಿಸಿದರೆ 100 ಗಜದಲ್ಲಿ ಗುಂಡು ಆರೇಳು ಇಂಚು ಕೆಳಗಿಳಿದಿರುತ್ತದೆ. ನನಗೆ ಅದರ ಚಿಂತೆಯಿಲ್ಲ. ಮೂವತ್ತೈದು ಗಜ ದಾಟಿದ ಅಳಿಲನ್ನು ನಾನು ನೋಡಿ ಸಂತೋಷಪಡುತ್ತೇನೆ, ಅಷ್ಟೇ.

ಅಳಿಲೆಂದ ಕೂಡಲೇ ಊರಿನವರು ಹುಬ್ಬೇರಿಸುತ್ತಾರೆ. ಸೇತುವೆಗೆ ಮರಳು ಹೊತ್ತು ರಾಮನ ಬೆರಳಿನ ಮೂರು ಗೆರೆಗಳನ್ನು ಬೆನ್ನಿಗೆ ಹೊತ್ತ ಪ್ರಾಣಿಗೆ ಈಡು ಹೊಡೆಯುವುದೇ ಎಂದು ನನ್ನ ತಾಯಿಯೂ ಫೋನಿನಲ್ಲಿ ಕೇಳಿದರು. ಇಲ್ಲಿನ ಬೂದು ಅಳಿಲಿಗೆ ಗೆರೆಗಳಿಲ್ಲ, ತೂಕ ಅರ್ಧ ಕಿಲೋದಷ್ಟಿರುತ್ತದೆ, ದಿನಕ್ಕೆ ಆರು ಎಂಬ ಮಿತಿಯಿದೆ ಎಂದು ನಾನು ವಿವರಿಸಿದೆ. ಅವರಿಗೆ ಅದು ಸಮಾಧಾನ ತಂದಂತೆ ಕಾಣಲಿಲ್ಲ.

ಈಗ ಪರದೆಯ ಮೇಲಿರುವುದು ಸೆಪ್ಟೆಂಬರ್ ಕೊನೆಯ ಬೆಳಗು. ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣವನ್ನು ತೊಡಲೇಬೇಕಾದ್ದರಿಂದ ನಾನು ಕೇಸರಿ ಗೊಂಬೆಯಂತೆ ಕಾಣುತ್ತಿದ್ದೇನೆ. ಮನೆಗಳಿಂದ 150 ಗಜದ ಸುರಕ್ಷತಾ ವಲಯ ದಾಟಿದ ಮೇಲೆ ಹಿಕರಿ ಮರವೊಂದಕ್ಕೆ ಬೆನ್ನು ಕೊಟ್ಟು ಕುಳಿತಿದ್ದೇನೆ. ಆ ಸದ್ದನ್ನು ಕೇಳಿಸಿಕೊಳ್ಳಿ: ಒಣ ಎಲೆಗಳ ಮೇಲೆ ಸಣ್ಣ ಮಳೆ ಬಿದ್ದಂತೆ ಉದುರುತ್ತಿರುವುದು ಮೇಲೆ ಕುಳಿತು ಅಳಿಲು ಕೆತ್ತುತ್ತಿರುವ ಹಿಕರಿ ಕಾಯಿಯ ಸಿಪ್ಪೆ. ಅದು ನೆತ್ತಿಯ ಮೇಲೆಯೇ ಇದೆ, ಚುಕ್ಕೆ ಅದರ ಮೇಲೆ ಕೂತಿದೆ, ಆದರೂ ನಾನು ಹೊಡೆಯುತ್ತಿಲ್ಲ. ಅದರ ಹಿಂದೆ ಇರುವುದು ಬರಿಯ ಆಕಾಶ. ಈ ಪುಟ್ಟ ಗುಂಡು ಒಂದೂವರೆ ಮೈಲಿಯವರೆಗೆ ಅಪಾಯಕಾರಿ ಎಂಬ ಎಚ್ಚರಿಕೆ ತೋಟೆಯ ಪೆಟ್ಟಿಗೆಗಳ ಮೇಲೆಯೇ ಅಚ್ಚಾಗಿರುತ್ತದೆ. ಅಳಿಲಿನ ತಲೆಯ ಹಿಂದೆ ದಪ್ಪ ಕಾಂಡವೋ ನೆಲವೋ ಬರುವವರೆಗೆ ಕಾಯಬೇಕು. ಇಪ್ಪತ್ತು ನಿಮಿಷದ ನಂತರ ಅದು ಕಾಂಡದ ಮೇಲೆ ತಲೆಕೆಳಗಾಗಿ ಇಳಿದು, ಇಪ್ಪತ್ತೆರಡು ಗಜದಲ್ಲಿ ಗಕ್ಕನೆ ನಿಂತಿತು. ಆ ಕ್ಷಣವನ್ನು ನಾನು ತೋರಿಸುವುದಿಲ್ಲ. ಒಂದೇ ಈಡು.

ಮರಳುವ ದಾರಿಯಲ್ಲಿ ಎರಡು ತುಂಡಿನ ಅನುಕೂಲ ನಿಜವಾಗಿ ಅರಿವಾಗುತ್ತದೆ. ಎರಡು ಮೈಲಿ ಕುರುಚಲಿನ ನಡುವೆ ಕೈಗಳು ಖಾಲಿಯಿರುತ್ತವೆ, ಕೋವಿ ಬೆನ್ನಿನಲ್ಲಿರುತ್ತದೆ, ನೀರಿನ ಬಾಟಲಿಯ ಪಕ್ಕದಲ್ಲಿ ಬೇಟೆ ತಣ್ಣಗಿರುತ್ತದೆ. ಇದೇ ಅನುಕೂಲ ಒಂದು ಸೋಮಾರಿತನವನ್ನೂ ಕಲಿಸುತ್ತದೆ. ಚೀಲ ಕಾರಿನ ಡಿಕ್ಕಿಯಲ್ಲೇ ಇರಲಿ, ಮುಂದಿನ ಶನಿವಾರ ಬೇಕಾಗುತ್ತದಲ್ಲ ಎನಿಸುತ್ತದೆ. ಕಾರಿನ ಗಾಜು ಒಡೆದವನಿಗೆ ಚೀಲ ಸಿಗುವುದು ಬೇಡವೆಂದು ನಾನು ಒಂದು ರಾತ್ರಿಯೂ ಹಾಗೆ ಬಿಡುವುದಿಲ್ಲ. ವಿಮಾನದಲ್ಲಿ ಈ ಬಟ್ಟೆಯ ಚೀಲ ನಡೆಯುವುದಿಲ್ಲ. ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ತೋಟೆ ತೆಗೆದು, ಕೌಂಟರಿನಲ್ಲಿ ಘೋಷಿಸಿ, ಚೆಕ್-ಇನ್ ಸಾಮಾನಿನೊಡನೆ ಮಾತ್ರ ಕಳುಹಿಸಬೇಕು.

ಮನೆಗೆ ಬಂದ ಮೇಲಿನ ಕೆಲಸಕ್ಕೂ ಕಳಚುವಿಕೆ ನೆರವಾಗುತ್ತದೆ. ಬಹುತೇಕ ಸಾಮಾನ್ಯ 10/22ಗಳ ರಿಸೀವರಿನ ಹಿಂಭಾಗ ಮುಚ್ಚಿರುವುದರಿಂದ ಒರೆಸುವ ಸಲಾಕೆಯನ್ನು ನಳಿಗೆಯ ಬಾಯಿಯಿಂದ ತೂರಿಸಬೇಕು, ಹಾಗೆ ಮಾಡುವಾಗ ಬಾಯಿಯ ಅಂಚು ಸವೆಯುವ ಭಯವಿರುತ್ತದೆ. ಇಲ್ಲಿ ನಳಿಗೆ ಬೇರೆಯಾಗಿ ಕೈಯಲ್ಲಿರುವುದರಿಂದ ಗುಂಡು ಹೋಗುವ ದಿಕ್ಕಿನಲ್ಲಿಯೇ, ಬುಡದಿಂದ ಬಾಯಿಗೆ, ಎಣ್ಣೆಬಟ್ಟೆಯನ್ನು ಎಳೆಯಬಹುದು. ಕೂಡುವ ಮುಖಗಳೆರಡನ್ನೂ ಒಣಬಟ್ಟೆಯಿಂದ ಒರೆಸುತ್ತೇನೆ. ಅಲ್ಲಿ ಅಂಟಿದ ಒಂದು ಮಸಿಯ ಕಣವೂ ಜೋಡಣೆಯನ್ನು ಕದಲಿಸಬಲ್ಲದು. ಆಮೇಲೆ ನಳಿಗೆ ಒಂದು ಕಪಾಟಿಗೆ, ಉಳಿದರ್ಧ ಇನ್ನೊಂದಕ್ಕೆ, ತೋಟೆಗಳು ಮೂರನೆಯದಕ್ಕೆ. ಮೂರು ಬೀಗಕ್ಕೂ ಬೇರೆ ಬೇರೆ ಬೀಗದಕೈಗಳಿವೆ, ಮೂರೂ ನನ್ನ ಕೊರಳಿನಲ್ಲಿವೆ.