ಕೋಟಿ ಆಮೇಲೆ, ಮೊದಲು ಟಿಕೆಟ್ ಎಷ್ಟು ಹೇಳಿ

ನಮಸ್ಕಾರ, ನಮಸ್ಕಾರ. ಇವತ್ತು ಬೇರೆ ಏನೋ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಆದರೆ ಹೋದ ವಾರದ ವಿಡಿಯೊ ಕೆಳಗೆ ಒಬ್ಬ ಮಹಾನುಭಾವರು ಬಂದು ಹೋಗಿದ್ದಾರೆ. 'ಕೆಜಿಎಫ್ ಚಾಪ್ಟರ್ 2'ರಲ್ಲಿ ಪ್ರೇಮಕತೆ ಪೇಲವ ಅಂದಿದ್ದೆ. ಅಷ್ಟೇ ಅಂದಿದ್ದು. ಅದಕ್ಕೆ ಅವರ ಉತ್ತರ: "1200 ಕೋಟಿ ಗುರು. ಮುಚ್ಕೊಂಡು ಕೂತ್ಕೋ." ಸಿನಿಮಾದ ಕಲೆಕ್ಷನ್ ಹೇಳುತ್ತಿದ್ದಾರೆ. ಜೊತೆಗೆ ಮೂರು ಬೆಂಕಿ ಎಮೋಜಿ.

ಸರಿ, ಕೂತುಕೊಂಡೇ ಮಾತಾಡುತ್ತಿದ್ದೇನೆ. ಮುಚ್ಚಿಕೊಳ್ಳುವುದು ಮಾತ್ರ ಕಷ್ಟ. ಹೊಸ ಮೈಕ್ ಇನ್ನೂ ಕಂತಿನಲ್ಲಿದೆ.

ಮೊದಲೇ ಹೇಳಿಬಿಡುತ್ತೇನೆ, ಆ ಸಿನಿಮಾ ನನಗೆ ಇಷ್ಟ. 2022ರ ಏಪ್ರಿಲ್ 14ಕ್ಕೆ ಬಂತು. ಹಿಂದಿಯಲ್ಲಿ ಮೊದಲ ದಿನವೇ ಸುಮಾರು 54 ಕೋಟಿ. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗ ಬಂದಾಗ ಎದುರಿಗೆ ಶಾರುಖ್ ಖಾನ್ ಸಿನಿಮಾ ಇತ್ತು, "ಪಾಪ, ಕನ್ನಡದವರು" ಅಂತಿದ್ದರು. ಎರಡನೇ ಭಾಗದ ಹೊತ್ತಿಗೆ ಬಾಲಿವುಡ್‌ನವರೇ ಡೇಟ್ ಮುಂದಕ್ಕೆ ಹಾಕಿಕೊಂಡು ಹೋದರು. ಖುಷಿ ಆಗಲ್ವಾ? ಆಗುತ್ತೆ.

ಆದರೆ ನಾನು ಕೇಳುವುದು ಒಂದೇ ಪ್ರಶ್ನೆ. ಕೋಟಿ ಬೇಡ. ಟಿಕೆಟ್ ಎಷ್ಟು ಹರಿದರು, ಅದನ್ನು ಹೇಳಿ.

ಯಾಕೆ ಅಂತೀರಾ? ಕೋಟಿ ಅನ್ನೋದು ಜನರ ಲೆಕ್ಕ ಅಲ್ಲ. ನೀವು 590 ರೂಪಾಯಿ ಕೊಟ್ಟು ಮಲ್ಟಿಪ್ಲೆಕ್ಸ್‌ನಲ್ಲಿ ಕೂತಿರಿ ಅಂತಿಟ್ಟುಕೊಳ್ಳಿ. ಆಗ 100 ರೂಪಾಯಿ ಮೇಲಿನ ಟಿಕೆಟ್‌ಗೆ ಜಿಎಸ್‌ಟಿ 18 ಪರ್ಸೆಂಟ್. ಅಂದರೆ 90 ರೂಪಾಯಿ ಸರ್ಕಾರಕ್ಕೆ. ಉಳಿದ 500ರಲ್ಲಿ ಮೊದಲ ವಾರ ಹೆಚ್ಚುಕಮ್ಮಿ ಅರ್ಧ ಥಿಯೇಟರ್‌ನವರಿಗೆ. ಮಿಕ್ಕಿದ್ದು ವಿತರಕರ ಕೈಗೆ, ಅಲ್ಲಿ ಕಮಿಷನ್, ಆಮೇಲೆ ನಿರ್ಮಾಪಕರು. ಆದರೆ ಪೋಸ್ಟರ್ ಮೇಲೆ ಬರುವುದು ಯಾವುದು? ಪೂರ್ತಿ 590. ನಿಮ್ಮ ತೆರಿಗೆಯೂ ಹೀರೋ ಕಲೆಕ್ಷನ್‌ನಲ್ಲಿ ಸೇರಿಕೊಂಡಿದೆ ಸ್ವಾಮಿ!

ಇನ್ನೊಂದು. ಮಾಗಡಿ ರೋಡಿನ ಸಿಂಗಲ್ ಸ್ಕ್ರೀನ್‌ನಲ್ಲಿ 150 ರೂಪಾಯಿಗೆ ನಾಲ್ಕು ಜನ ನೋಡಿದರೆ 600. ಮಾಲ್‌ನಲ್ಲಿ ಒಬ್ಬರೇ 600 ಕೊಟ್ಟು ಒರಗಿಕೊಂಡು ನೋಡಿದರೂ 600. ಪೋಸ್ಟರ್‌ಗೆ ಎರಡೂ ಒಂದೇ. ನಾಲ್ಕು ಜನರ ಶಿಳ್ಳೆ ಎಲ್ಲಿ, ಒಬ್ಬರ ಆಕಳಿಕೆ ಎಲ್ಲಿ? ಅದಕ್ಕೇ ಕೇಳುತ್ತಿದ್ದೇನೆ, ಟಿಕೆಟ್ ಎಷ್ಟು?

"ಹಾಲಿವುಡ್‌ನಲ್ಲೂ ಡಾಲರ್‌ನಲ್ಲೇ ಎಣಿಸುತ್ತಾರೆ ಬ್ರೋ" ಅಂತ ಇನ್ನೊಬ್ಬರು. ಎಣಿಸಲಿ ಬ್ರೋ. ದಕ್ಷಿಣ ಕೊರಿಯಾದಲ್ಲಿ ಸರ್ಕಾರದ್ದೇ ವ್ಯವಸ್ಥೆ ಇದೆ, ಎಷ್ಟು ಜನ ನೋಡಿದರು ಅಂತ ದಿನಾ ಲೆಕ್ಕ ಹೊರಗೆ ಬರುತ್ತೆ. ಅಲ್ಲಿ ಭಾರಿ ಹಿಟ್ ಅಂದರೆ ಒಂದು ಕೋಟಿ ಪ್ರೇಕ್ಷಕರು. ಪ್ರೇಕ್ಷಕರು! ರೂಪಾಯಿ ಅಲ್ಲ. ನಮ್ಮಲ್ಲಿ? ಎಲ್ಲರೂ ಒಪ್ಪುವ ಒಂದು ಸರ್ಕಾರಿ ಲೆಕ್ಕ ಇಲ್ಲ. ನಿರ್ಮಾಪಕರದ್ದು ಒಂದು ಪೋಸ್ಟರ್, ಟ್ರೇಡ್ ಪಂಡಿತರದ್ದು ಒಂದು ಟ್ವೀಟ್, ಫ್ಯಾನ್ಸ್‌ದು ಒಂದು ಎಡಿಟ್. ಮೂರೂ ಬೇರೆ ಬೇರೆ. ಮೂರೂ ಬ್ಲಾಕ್‌ಬಸ್ಟರ್.

ಒಂದು ನಿಮಿಷ, ಹೊರಗೆ ಯಾವನೋ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡಿ ಮಾರಾಯ, ಸಿಗ್ನಲ್ ಹಸಿರಾಗಿಬಿಡುತ್ತೆ. ಹಾಂ. ಈ ಗ್ಯಾಪ್‌ನಲ್ಲಿ ಸಬ್‌ಸ್ಕ್ರೈಬ್ ಮಾಡಿಬಿಡಿ, ದುಡ್ಡೇನೂ ಇಲ್ಲ.

ಕೋಟಿ ಲೆಕ್ಕದ ಭಕ್ತರಿಗೆ ಇನ್ನೊಂದು ಮಾತು. 'ಬಂಗಾರದ ಮನುಷ್ಯ' 1972ರದ್ದು. ಇದೇ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಟಾಕೀಸ್‌ನಲ್ಲಿ ಎರಡು ವರ್ಷ ಓಡಿತು. ಒಂದೆರಡು ರೂಪಾಯಿ ಟಿಕೆಟ್‌ನ ಕಾಲ ಅದು. ನಿಮ್ಮ ಕೋಟಿ ಪಟ್ಟಿಯಲ್ಲಿ ಅದು ಎಲ್ಲಿದೆ? ಎಲ್ಲೂ ಇಲ್ಲ. ಹೋದ ತಿಂಗಳು ಬಂದು ಹೋಗಿದ್ದು ನಮಗೆ ಯಾರಿಗೂ ಗೊತ್ತಾಗದ ಸಿನಿಮಾ ಕೂಡ ಅದಕ್ಕಿಂತ ಮೇಲಿರುತ್ತೆ. ಇದೇನು ಲೆಕ್ಕಾನಾ? ಟಿಕೆಟ್ ಲೆಕ್ಕ ಹಾಕಿ ನೋಡೋಣ. ಅಣ್ಣಾವ್ರ ಹತ್ತಿರ ಯಾರು ಬರುತ್ತಾರೆ?

ಇನ್ನು "ವಿಮರ್ಶಕರು ಬೈದರು, ಜನ ಗೆಲ್ಲಿಸಿದರು" ಅನ್ನೋ ಡೈಲಾಗ್. ಎಲ್ಲಿ ಬೈದರು ಸ್ವಾಮಿ? ಹೊಗಳಿದವರೂ ಬೇಕಾದಷ್ಟು ಜನ ಇದ್ದಾರೆ. ಯಶ್ ಆ 'ದೊಡ್ಡಮ್ಮ' ಅನ್ನೋ ಮಷಿನ್ ಗನ್ನಿನಲ್ಲಿ ಪೊಲೀಸ್ ಸ್ಟೇಷನ್ ಪೂರ್ತಿ ಚಿಂದಿ ಮಾಡಿ, ಕೆಂಪಗೆ ಕಾದ ಆ ಕೊಳವೆಯಲ್ಲೇ ಸಿಗರೇಟ್ ಹಚ್ಚಿಕೊಳ್ಳುತ್ತಾನಲ್ಲ, ಅದಕ್ಕೆ ಯಾವ ವಿಮರ್ಶಕ ಬೈದ? ಕಾರ್ ಚೇಸ್ ನೆನಪಿದೆಯಾ? ಪರದೆ ಕಪ್ಪಾಗುತ್ತೆ, ಕಾಣುತ್ತೆ, ಮತ್ತೆ ಕಪ್ಪು. ಥಿಯೇಟರ್‌ನಲ್ಲಿ ಪ್ರೊಜೆಕ್ಟರ್ ಹೋಯ್ತಾ ಅಂತ ಹಿಂದೆ ತಿರುಗಿದವರು ಇದ್ದಾರೆ. ಅಂಥ ಎಡಿಟಿಂಗ್‌ಗೆ ಧೈರ್ಯ ಬೇಕು. ಸಾಹಸ ನಿರ್ದೇಶನಕ್ಕೆ ಅನ್ಬರಿವ್ ಜೋಡಿಗೆ ರಾಷ್ಟ್ರಪ್ರಶಸ್ತಿ ಬಂತು, ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿಯೂ ಬಂತು. ಬೈದಿದ್ದು ಏನಕ್ಕೆ? ಸದ್ದು ಜಾಸ್ತಿ ಅಂದರು. ಹೀರೋಯಿನ್ ಶ್ರೀನಿಧಿ ಶೆಟ್ಟಿ ಪಾತ್ರಕ್ಕೆ ಮಾಡಲು ಕೆಲಸವೇ ಇಲ್ಲ ಅಂದರು. ಮೊದಲ ಭಾಗದಲ್ಲಿ ಕತೆ ಹೇಳಿದ ಅನಂತ್ ನಾಗ್ ಇಲ್ಲಿ ಇಲ್ಲವಲ್ಲ ಅಂತ ಬೇಜಾರು ಮಾಡಿಕೊಂಡರು. ಅದರಲ್ಲಿ ಸುಳ್ಳೇನಿದೆ? ಅವರ ಬದಲು ಇಲ್ಲಿ ಕತೆ ಹೇಳಿದ ಪ್ರಕಾಶ್ ರಾಜ್ ಮೇಲೆ ನನಗೇನೂ ಕೋಪ ಇಲ್ಲ, ಆದರೆ ಆ ದನಿ ಆ ದನಿಯೇ ಅಲ್ವಾ?

ಇದಕ್ಕೆಲ್ಲ "1200 ಕೋಟಿ" ಹೇಗೆ ಉತ್ತರ ಆಗುತ್ತೆ? ಹೋಟೆಲ್ ಗಲ್ಲಾ ತುಂಬಿದೆ ಅಂದ ತಕ್ಷಣ ಚಟ್ನಿಗೆ ಉಪ್ಪು ಬಂದುಬಿಡುತ್ತಾ?

"ಕನ್ನಡದ ಹೆಮ್ಮೆ ಗುರು, ನಮ್ಮವನೇ ಆಗಿ ಹೀಗೆ ಮಾತಾಡ್ತೀಯಾ?" ಇದೂ ಬಂದಿದೆ. ಹೆಮ್ಮೆ ಇರೋದಕ್ಕೇ ಕೇಳುತ್ತಿರುವುದು. ಬೆಂಗಳೂರಲ್ಲಿ ಟಿಕೆಟ್ ರೇಟ್ ನೋಡಿದ್ದೀರಾ? ದೊಡ್ಡ ಸಿನಿಮಾ ಬಂತು ಅಂದರೆ ರೇಟ್ ಆಟೋ ಮೀಟರ್‌ಗಿಂತ ಜೋರಾಗಿ ಓಡುತ್ತೆ. 2025ರಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿತು. ಮಲ್ಟಿಪ್ಲೆಕ್ಸ್‌ನವರು ಕೋರ್ಟಿಗೆ ಹೋದರು, ಹೈಕೋರ್ಟ್ ತಡೆ ಕೊಟ್ಟಿತು. ರೇಟ್ ಏರಿದರೆ ಕೋಟಿ ಏರುತ್ತೆ, ಜನ ಏರಬೇಕು ಅಂತಿಲ್ಲ. ಈ ಸೀಕ್ವೆಲ್ ಸಾವಿರ ಕೋಟಿ, ಮುಂದಿನದು ಎರಡು ಸಾವಿರ ಕೋಟಿ. ಆ ಕಡೆ ಗಾಂಧಿನಗರದ ಸುತ್ತ ಟಾಕೀಸ್‌ಗಳು ಒಂದೊಂದಾಗಿ ಶಾಪಿಂಗ್ ಕಾಂಪ್ಲೆಕ್ಸ್ ಆಗುತ್ತಿವೆ. ಸಾವಿರ ಕೋಟಿ ಬಂದಿದ್ದು ಯಾರ ಜೇಬಿಂದ, ಕೂತಿದ್ದು ಎಷ್ಟು ಜನ? ಟಿಕೆಟ್ ಹೇಳಿ. ಟಿಕೆಟ್!

"ನೀನೊಂದು ಸಿನಿಮಾ ಮಾಡಿ ತೋರಿಸು." ಬಂತು ನೋಡಿ. ಇದಿಲ್ಲದೆ ಕಾಮೆಂಟ್ ಸೆಕ್ಷನ್ ಪೂರ್ತಿ ಆಗಲ್ಲ. ಮಾಡುತ್ತೇನೆ, ನೂರು ಕೋಟಿ ಯಾರು ಕೊಡುತ್ತೀರಿ? ಕಾಮೆಂಟ್ ಹಾಕಿದ ಮಹಾನುಭಾವರೇ, ನೀವೇ ಕೊಡಿ. ಕೋಟಿ ಅಂದರೆ ನಿಮಗೆ ಭಾರಿ ಸಲೀಸು ಅಲ್ವಾ? ಹೀರೋಯಿನ್‌ಗೆ ಡೈಲಾಗ್ ನಾನು ಬರೆಯುತ್ತೇನೆ, ಮೂರು ಪೇಜ್ ಬರೆಯುತ್ತೇನೆ. ಬೇಕಾದರೆ ನಿಮಗೂ ಒಂದು ಪಾತ್ರ, ಎಮೋಜಿ ಹಿಡಿದು ನಿಂತಿರುವುದು.

ಅಯ್ಯೋ, ಟೀ ಆರಿಹೋಯಿತು. ನಮ್ಮ ಎಡಿಟರ್ ಕೈ ತೋರಿಸುತ್ತಿದ್ದಾನೆ, ಸಾಕಂತೆ. ಅವನಿಗೂ ಆ ಸಿನಿಮಾ ಅಂದರೆ ಪ್ರಾಣ, ಇದನ್ನೆಲ್ಲ ಕತ್ತರಿಸಿಬಿಟ್ಟರೆ ಆಶ್ಚರ್ಯ ಇಲ್ಲ. ಮುಂದಿನ ವಾರ ಮಲ್ಟಿಪ್ಲೆಕ್ಸ್ ಪಾಪ್‌ಕಾರ್ನ್ ಬೆಲೆ ಬಗ್ಗೆ ಇನ್ನೂ ಜೋರಾಗಿ ಕೂಗಾಡುವುದಿದೆ. ಮೆಂಬರ್‌ಶಿಪ್ ಲಿಂಕ್ ಕೆಳಗಿದೆ. ಮೈಕ್ ಕಂತು ತೀರುವವರೆಗಾದರೂ ಇರಿ.