ಲಿನಕ್ಸ್ ಹಾಕುವಾಗ ಕಂಪ್ಯೂಟರ್ ಹ್ಯಾಂಗ್ ಆಯ್ತಾ? ಮೊದಲು ಎಲ್ಲಿ ನಿಂತಿತು ನೋಡಿ

[ಕಪ್ಪು ಸ್ಕ್ರೀನ್. ನಡುವೆ ಲಿನಕ್ಸ್ ಮಿಂಟ್ ಲೋಗೋ. ಹತ್ತು ಸೆಕೆಂಡ್ ಏನೂ ಆಗುವುದಿಲ್ಲ.]

ನಮಸ್ಕಾರ. ನಿಮ್ಮ ಮೊಬೈಲ್ ಸರಿಯಾಗಿಯೇ ಇದೆ. ಹ್ಯಾಂಗ್ ಆಗಿರುವುದು ಈ ಕಂಪ್ಯೂಟರ್.

ಇದು ನಮ್ಮ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯ ಆಫೀಸಿನಲ್ಲಿರುವ ಡೆಸ್ಕ್‌ಟಾಪ್. ಆಫೀಸ್ ಅಂದರೆ ಒಂದು ಟೇಬಲ್, ಒಂದು ಫ್ಯಾನ್, ಗೋಡೆಗೆ ಒರಗಿಸಿದ ಮಂಡಕ್ಕಿ ಚೀಲಗಳು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತಲ್ಲ. ಹನ್ನೊಂದು ಹಾಕೋಣ ಅಂದರೆ ಈ ಮಷೀನ್ ಅದಕ್ಕೆ ಹಳೇದಾಯಿತು. ಮಾಲೀಕರಿಗೆ ನಾನೇ ಹೇಳಿದ್ದೆ: "ಅಣ್ಣಾ, ಲಿನಕ್ಸ್ ಹಾಕೋಣ. ದುಡ್ಡು ಬೇಡ. ಲೆಕ್ಕ ಬರೆಯೋಕೆ ಲಿಬ್ರೆ ಆಫೀಸ್ ಇದ್ದೇ ಇರುತ್ತೆ."

ವಿಂಡೋಸ್ ಬದಲಿಗೆ ಹಾಕುವ ಈ ಲಿನಕ್ಸ್‌ನಲ್ಲಿ ಮಿಂಟ್ ಅನ್ನುವ ಒಂದು ಬಗೆಯನ್ನು ಪೆನ್‌ಡ್ರೈವ್‌ನಿಂದ ಹಾಕಲು ಹೋದೆ. ಲೋಗೋ ಬಂತು, ನಿಂತಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ಮೂರನೇ ಸಲಕ್ಕೆ ಅವರು ಟೀ ತರಿಸಿ ಕೇಳಿದರು: "ತಮ್ಮಾ, ನನ್ನ ಹಳೇದೇ ವಾಪಸ್ ಕೊಡ್ತೀಯೋ ಹೆಂಗೆ?"

ಇಲ್ಲಿ ನಾನು ಮಾಡಿದ ತಪ್ಪನ್ನೇ ತುಂಬಾ ಜನ ಮಾಡುತ್ತಾರೆ. ನಿಂತ ತಕ್ಷಣ ಪವರ್ ಬಟನ್ ಒತ್ತುವುದು, ಅದೇ ಪೆನ್‌ಡ್ರೈವ್ ಹಾಕಿ ಅದೇ ಕೆಲಸ ಮತ್ತೆ ಮಾಡುವುದು. ಅದರ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ಎಲ್ಲಿ ನಿಂತಿತು? ಪ್ರತಿ ಸಲ ಅಲ್ಲೇ ನಿಲ್ಲುತ್ತಾ, ಇಲ್ಲಾ ಜಾಗ ಬದಲಾಗುತ್ತಾ?

ಅದಕ್ಕೂ ಮೊದಲು, ಅದು ನಿಜವಾಗಿ ನಿಂತಿದೆಯಾ ನೋಡಿ.

[ಕೀಬೋರ್ಡ್ ಹತ್ತಿರದಿಂದ. ಬೆರಳು ಕ್ಯಾಪ್ಸ್ ಲಾಕ್ ಒತ್ತುತ್ತದೆ.]

ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಒಳಗೆ ಜೀವ ಇದೆ ಅಂತ. ಏನು ಒತ್ತಿದರೂ ದೀಪ ಅಲುಗಾಡದಿದ್ದರೆ ನಿಜವಾಗಿಯೂ ನಿಂತಿರಬಹುದು. ಅದು ತಾನೇ ಮಿಣಮಿಣ ಅಂತ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಅದು ಕರ್ನಲ್ ಪ್ಯಾನಿಕ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಕೆಟ್ಟು ನಿಂತಿದೆ ಅಂತ. ಕಾಯುವುದು ದಂಡ. ಪೆನ್‌ಡ್ರೈವ್‌ಗೆ ದೀಪ ಇದ್ದರೆ ಅದನ್ನೂ ನೋಡಿ. ಅದು ಮಿನುಗುತ್ತಿದೆ ಅಂದರೆ ಓದುವ ಕೆಲಸ ನಡೆದಿದೆ, ಸುಮ್ನೆ ಬಿಡಿ. ಹಳೇ ಹಾರ್ಡ್‌ಡಿಸ್ಕ್, ಹಳೇ ಪೆನ್‌ಡ್ರೈವ್ ಇದ್ದಲ್ಲಿ ಹದಿನೈದು ನಿಮಿಷ ಅಲುಗಾಡದೇ ಇದ್ದದ್ದನ್ನೂ ನೋಡಿದ್ದೇನೆ.

ಇನ್ನೊಂದು ಮೋಸದ ಜಾಗ ಇದೆ. ಕಾಪಿ ಎಲ್ಲಾ ಮುಗಿದು ಭಾಷೆಯ ಪ್ಯಾಕ್ ಡೌನ್‌ಲೋಡ್ ಮಾಡುವಾಗ ಪಟ್ಟಿ ಮುಂದೆ ಹೋಗುವುದೇ ಇಲ್ಲ. ಅದು ಹ್ಯಾಂಗ್ ಅಲ್ಲ, ನಿಮ್ಮ ನೆಟ್ ನಿಧಾನ. ಪಕ್ಕದಲ್ಲಿ ಸ್ಕಿಪ್ ಬಟನ್ ಇದ್ದರೆ ಒತ್ತಿ. ಇಲ್ಲವೇ ಇನ್‌ಸ್ಟಾಲ್ ಶುರು ಮಾಡುವ ಮೊದಲೇ ನೆಟ್ ಕಿತ್ತು ಕೂತುಕೊಳ್ಳಿ, ಅಪ್‌ಡೇಟ್ ಆಮೇಲೆ ನೋಡಿಕೊಂಡರಾಯಿತು.

ಈಗ ನಮ್ಮ ಮಷೀನ್‌ಗೆ ಬರೋಣ. ಪ್ರತಿ ಸಲ ಲೋಗೋ ಹತ್ತಿರವೇ ನಿಲ್ಲುತ್ತಿತ್ತು. ಅಲ್ಲೇ ನಿಲ್ಲುತ್ತದೆ ಅಂದರೆ ನನ್ನ ಮೊದಲ ಅನುಮಾನ ಗ್ರಾಫಿಕ್ಸ್ ಮೇಲೆ. ಅಣ್ಣನ ಮಗ ಯಾವತ್ತೋ ಗೇಮ್ ಆಡೋಕೆ ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಸಿಕ್ಕಿಸಿದ್ದ.

ಬೂಟ್ ಆಗುವಾಗ, ಅಂದರೆ ಕಂಪ್ಯೂಟರ್ ಶುರುವಾಗುವಾಗ, ಕರ್ನಲ್ಲೇ ಸ್ಕ್ರೀನಿನ ಅಳತೆ, ಬಣ್ಣ ಎಲ್ಲಾ ಹೊಂದಿಸಲು ಹೋಗುತ್ತದೆ. ಇದಕ್ಕೆ ಕರ್ನಲ್ ಮೋಡ್ ಸೆಟ್ಟಿಂಗ್ ಅಂತಾರೆ. ಕಾರ್ಡ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ಗೂ ಕಾರ್ಡ್‌ಗೂ ಹೊಂದಾಣಿಕೆ ಆಗದಿದ್ದರೆ ಆ ಹೊತ್ತಿಗೇ ಎಲ್ಲಾ ನಿಂತುಬಿಡುತ್ತದೆ. ಆಗ ನಾವು ಕರ್ನಲ್‌ಗೆ ಹೇಳಬೇಕು, "ಆ ಉಸಾಬರಿ ಈಗ ಬೇಡ, ಸಾದಾ ಡಿಸ್‌ಪ್ಲೇಯಲ್ಲೇ ನಡೆಸು" ಅಂತ.

[ಸ್ಕ್ರೀನ್ ರೆಕಾರ್ಡಿಂಗ್: ಬೂಟ್ ಮೆನು]

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಈ ಮೆನು ಬರುತ್ತಲ್ಲ, ಮೊದಲ ಸಾಲಿನ ಮೇಲೆ ನಿಂತು 'ಇ' ಕೀ ಒತ್ತಿ. ಹಳೇ ಬಯೋಸ್ ಮಷೀನ್‌ನಲ್ಲಿ 'ಇ' ಕೆಲಸ ಮಾಡದಿದ್ದರೆ ಟ್ಯಾಬ್ ಒತ್ತಿ. ಲಿನಕ್ಸ್ ಅಂತ ಶುರುವಾಗುವ ಸಾಲು ಹುಡುಕಿ. ಅದರಲ್ಲಿ 'ಕ್ವೈಟ್ ಸ್ಪ್ಲ್ಯಾಶ್' ಅಂತ ಎರಡು ಪದ ಇವೆ. ಅವನ್ನು ಅಳಿಸಿ, ಅಲ್ಲಿ 'ನೋಮೋಡ್‌ಸೆಟ್' ಅಂತ ಬರೆಯಿರಿ. ಎಲ್ಲಾ ಸಣ್ಣ ಅಕ್ಷರ, ನಡುವೆ ಜಾಗ ಬಿಡಬಾರದು, ಸ್ಪೆಲ್ಲಿಂಗ್ nomodeset. ಎಫ್10 ಒತ್ತಿ. ಟ್ಯಾಬ್‌ನಿಂದ ಬಂದವರು ಎಂಟರ್ ಒತ್ತಿ.

ಆ ಎರಡು ಪದ ಅಳಿಸಿದ್ದರಿಂದ ಇನ್ನೊಂದು ಲಾಭ ಇದೆ. ಲೋಗೋ ಹೋಗಿ, ಹಿಂದೆ ನಡೆಯುವುದೆಲ್ಲಾ ಅಕ್ಷರದಲ್ಲಿ ಓಡುತ್ತದೆ. ಮತ್ತೆ ನಿಂತರೆ ಕೊನೆಯ ನಾಲ್ಕು ಸಾಲಿನ ಫೋಟೋ ಹೊಡೆದುಕೊಳ್ಳಿ. ಯಾರ ಹತ್ತಿರ ಸಹಾಯ ಕೇಳಿದರೂ ಅವರು ಮೊದಲು ಕೇಳುವುದು ಅದನ್ನೇ. "ಹ್ಯಾಂಗ್ ಆಗುತ್ತೆ ಸರ್" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲಾ ಟೈಪ್ ಮಾಡೋಕೆ ಬೇಜಾರು ಅನ್ನುವವರಿಗೆ ಮಿಂಟ್ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಇದೆ, ಉಬುಂಟುವಿನಲ್ಲಿ ಸೇಫ್ ಗ್ರಾಫಿಕ್ಸ್ ಇದೆ. ಹೆಚ್ಚುಕಮ್ಮಿ ಅದೇ ಕೆಲಸ.

ನಮ್ಮಲ್ಲಿ ಡೆಸ್ಕ್‌ಟಾಪ್ ಬಂತು. ಅಕ್ಷರ ದಪ್ಪ ದಪ್ಪ, ಆದರೂ ಬಂತು. ಅಣ್ಣನ ಮುಖ ಸ್ವಲ್ಪ ಸಡಿಲ ಆಯಿತು. ಇನ್‌ಸ್ಟಾಲ್ ಒತ್ತಿದೆ. ಅರ್ಧ ದಾರಿಯಲ್ಲಿ ಮೌಸ್ ನಿಂತಿತು.

ಮತ್ತೆ ಶುರು ಮಾಡಿದೆ. ಈ ಸಲ ಕಾಪಿ ಶುರುವಾಗುತ್ತಿದ್ದ ಹಾಗೇ ನಿಂತಿತು. ಮೂರನೇ ಸಲ ಮುಕ್ಕಾಲು ದಾರಿ ಹೋಗಿ ನಿಂತಿತು. ಜಾಗ ಬದಲಾಗುತ್ತಿದೆ, ಅಲ್ವಾ? ಕಾಪಿ ಆಗುವಾಗ ಒಂದೇ ಜಾಗದಲ್ಲಿ ನಿಂತಿದ್ದರೆ ಐಎಸ್‌ಒ ಫೈಲ್ (ಪೆನ್‌ಡ್ರೈವ್‌ಗೆ ಬರೆಯಲು ಡೌನ್‌ಲೋಡ್ ಮಾಡಿದ ಲಿನಕ್ಸ್ ಫೈಲ್), ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಈ ಮೂರರ ಮೇಲೆ ಕಣ್ಣಿಡುತ್ತಿದ್ದೆ. ಫೈಲ್ ಸರಿ ಇದೆಯಾ ಅಂತ ನಾನು ಮನೆಯಲ್ಲೇ ನೋಡಿದ್ದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಅನ್ನುವ ಕಮಾಂಡ್ ಕೊಟ್ಟು SHA256 ಅಂತ ಕೇಳಿದರೆ 64 ಅಕ್ಷರದ ಒಂದು ಸಾಲು ಬರುತ್ತದೆ. ಮಿಂಟ್‌ನವರು ಕೊಟ್ಟ ಸಾಲಿಗೆ ಅದು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಜಾಗ ಬದಲಾದರೆ ನನ್ನ ಅನುಮಾನ ಕಂಪ್ಯೂಟರಿನ ತಾತ್ಕಾಲಿಕ ನೆನಪು, ಅಂದರೆ ರ‍್ಯಾಮ್ ಮೇಲೆ, ಆಮೇಲೆ ಶಾಖದ ಮೇಲೆ. "ವಿಂಡೋಸ್ ನಡೀತಿತ್ತಲ್ಲ ಮತ್ತೆ?" ಅಂದರು ಅಣ್ಣ. ಸರಿಯಾದ ಪ್ರಶ್ನೆ. ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್ ತನ್ನ ಬಹುಪಾಲು ಕೆಲಸ ರ‍್ಯಾಮ್‌ನಲ್ಲೇ ಮಾಡುತ್ತದೆ. ಐಎಸ್‌ಒ ಒಳಗೆ ಇಡೀ ಸಿಸ್ಟಮ್ ಗಂಟು ಕಟ್ಟಿ ಇಟ್ಟಂತೆ ಒಂದೇ ಫೈಲ್‌ನಲ್ಲಿ ಕುಗ್ಗಿಸಿ ಇಟ್ಟಿರುತ್ತದೆ. ಅದನ್ನು ಬಿಚ್ಚುವಾಗ ರ‍್ಯಾಮ್‌ನಲ್ಲಿ ಒಂದು ಬಿಟ್ ತಪ್ಪಿದರೂ ಆ ತುಂಡು ಕೆಡುತ್ತದೆ. ದಿನಾ ಒಂದು ಲೆಕ್ಕದ ಫೈಲ್ ತೆರೆದು ಮುಚ್ಚುವಾಗ ಆ ಕೆಟ್ಟ ಜಾಗ ಮುಟ್ಟದೇ ಹೋಗಬಹುದು.

[ನೀಲಿ ಸ್ಕ್ರೀನ್. ಕೆಳಗೆ ಕೆಂಪು ಸಾಲುಗಳು ಒಂದರ ಹಿಂದೆ ಒಂದು.]

ಇದು ಮೆಮ್‌ಟೆಸ್ಟ್86 ಪ್ಲಸ್. ಉಚಿತ, ಓಪನ್ ಸೋರ್ಸ್. ಇನ್ನೊಂದು ಪೆನ್‌ಡ್ರೈವ್‌ಗೆ ಬರೆದು ಬೂಟ್ ಮಾಡಿದರೆ ಸಾಕು. ಕೆಂಪು ಸಾಲು ಒಂದೇ ಬಂದರೂ ರ‍್ಯಾಮ್ ಕಡೆ ನೋಡಲೇಬೇಕು. ನಮ್ಮಲ್ಲಿ ಸ್ಕ್ರೀನ್ ತುಂಬಾ ಬಂತು.

ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಿದೆವು. ಯಪ್ಪಾ! ಭಟ್ಟಿಯ ಮಸಿ, ಮಂಡಕ್ಕಿ ಧೂಳು ಸೇರಿ ಫ್ಯಾನಿನ ರೆಕ್ಕೆಗೆ ಕಪ್ಪು ಹತ್ತಿಯ ಹಾಗೆ ಅಂಟಿತ್ತು. ಎರಡು ರ‍್ಯಾಮ್ ಕಡ್ಡಿ ತೆಗೆದರೆ ಸ್ಲಾಟ್ ಒಳಗೂ ಮಸಿ. ಬ್ರಶ್‌ನಿಂದ ಸ್ಲಾಟ್ ಕೊಡವಿದೆ. ಕಡ್ಡಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿದೆ, ರಬ್ಬರ್ ಪುಡಿ ಒರೆಸಿದೆ. ಒಂದೊಂದೇ ಕಡ್ಡಿ ಹಾಕಿ ಟೆಸ್ಟ್ ಬಿಟ್ಟೆ. ಟೆಸ್ಟ್ ಓಡುವಷ್ಟರಲ್ಲಿ ಬೆಣ್ಣೆ ದೋಸೆ ತಿಂದು ಬಂದೆವು, ದುಡ್ಡು ಅಣ್ಣಂದೇ. ಒಂದು ಕಡ್ಡಿ ಪಾಸ್ ಆಯಿತು. ಇನ್ನೊಂದು ಎಷ್ಟು ಉಜ್ಜಿದರೂ ಕೆಂಪೇ. ಅದನ್ನು ತೆಗೆದಿಟ್ಟೆವು.

ಉಳಿದದ್ದು 4 ಜಿಬಿ. ಮಿಂಟ್‌ಗೆ 2 ಜಿಬಿ ಕನಿಷ್ಠ, 4 ಇದ್ದರೆ ಚೆನ್ನ. ಹಗುರ ಇರಲಿ ಅಂತ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಒಂದೇ ಸಲಕ್ಕೆ ಮುಗಿಯಿತು.

ಶಾಖದ ಮಾತು ಬೇಗ ಮುಗಿಸುತ್ತೇನೆ. ಪ್ರೊಸೆಸರ್ ಕಾದರೆ ಮೊದಲು ವೇಗ ಇಳಿಸುತ್ತದೆ, ತೀರಾ ಕಾದರೆ ಮಷೀನ್ ತಾನೇ ಆಫ್ ಆಗುತ್ತದೆ. ಮೌಸ್ ತಡವರಿಸಿ ತಡವರಿಸಿ ಆಮೇಲೆ ಸತ್ತರೆ ಫ್ಯಾನ್ ನೋಡಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಂತೂ ಬೆಳಗ್ಗೆ ಹೊತ್ತು ಇನ್‌ಸ್ಟಾಲ್ ಮಾಡಿ.

ಒಂದು ಮಾತು ಮರೆತಿದ್ದೆ. ನೋಮೋಡ್‌ಸೆಟ್ ತಾತ್ಕಾಲಿಕ. ಇನ್‌ಸ್ಟಾಲ್ ಆದ ಮೇಲೆ ಮೊದಲ ಬೂಟ್‌ನಲ್ಲೂ ಅದನ್ನೇ ಕೊಡಬೇಕಾಗಬಹುದು. ಒಳಗೆ ಹೋದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಅಲ್ಲಿ ಶಿಫಾರಸು ಮಾಡಿದ ಡ್ರೈವರ್ ಇದ್ದರೆ ಹಾಕಿ, ರೀಸ್ಟಾರ್ಟ್ ಮಾಡಿ. ದಪ್ಪ ಅಕ್ಷರ ಸರಿಹೋಗುತ್ತದೆ. ನಾವು ಆ ಕಾರ್ಡನ್ನೇ ಕಿತ್ತು ಅಣ್ಣನ ಮಗನ ಕೈಗೆ ಕೊಟ್ಟೆವು. ಬೋರ್ಡ್‌ನಲ್ಲೇ ಡಿಸ್‌ಪ್ಲೇ ಇತ್ತು, ಲೆಕ್ಕ ಬರೆಯೋಕೆ ಅದಕ್ಕಿಂತ ಜಾಸ್ತಿ ಏನು ಬೇಕು?

[ಡೆಸ್ಕ್‌ಟಾಪ್ ತೆರೆದಿದೆ. ಮಾಲೀಕರ ಕೈ ಮೌಸ್ ಮೇಲೆ.]

ಅಣ್ಣ ಕುರ್ಚಿ ಎಳೆದುಕೊಂಡು ಕೂತರು. ಮೆನು ತೆರೆದರು, ಮೇಲಿಂದ ಕೆಳಗೆ ನೋಡಿದರು. ಮತ್ತೆ ಕೆಳಗಿಂದ ಮೇಲೆ ನೋಡಿದರು.

"ತಮ್ಮಾ, ಎಲ್ಲಾ ಚೆನ್ನಾಗೈತೆ. ಇದ್ರಾಗೆ ಟ್ಯಾಲಿ ಎಲ್ಲೈತೆ?"

ಅದು ಮುಂದಿನ ವಿಡಿಯೋ.