ಗೆದ್ದವರ ವಕೀಲರ ಫೀಸು ಯಾರು ಕಟ್ಟಬೇಕು?

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಕೇಸು ಗೆದ್ದರೂ ನಿಮ್ಮ ವಕೀಲರ ಫೀಸು ಸಾಮಾನ್ಯವಾಗಿ ನೀವೇ ಕಟ್ಟಬೇಕು. ಸೋತವರು ಕಟ್ಟುವ ಪದ್ಧತಿ ಅಲ್ಲಿಲ್ಲ. ಇವತ್ತು ಹೇಳಹೊರಟಿರುವುದು ಇದಕ್ಕಿರುವ ಒಂದು ವಿನಾಯಿತಿಯ ಬಗ್ಗೆ.

ಅಲ್ಲಿನ ಸೋಷಿಯಲ್ ಸೆಕ್ಯೂರಿಟಿ ಇಲಾಖೆ, ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ದುಡಿಯಲಾಗದವರಿಗೆ ತಿಂಗಳ ಭತ್ಯೆ ಕೊಡುತ್ತದೆ. ಅರ್ಜಿ ತಿರಸ್ಕಾರವಾದರೆ ಮರುಪರಿಶೀಲನೆ. ಆಮೇಲೆ ಇಲಾಖೆಯದೇ ನ್ಯಾಯಾಧೀಶರ ಮುಂದೆ ವಿಚಾರಣೆ. ಆಮೇಲೆ ಮೇಲ್ಮನವಿ ಮಂಡಳಿ. ಅಲ್ಲೂ ಆಗಲಿಲ್ಲವೆಂದರೆ ಫೆಡರಲ್ ಕೋರ್ಟು. ಸಂಬಳವೇ ಇಲ್ಲದ ಮನುಷ್ಯ ಅಲ್ಲಿಯವರೆಗೆ ಹೋಗಿ, ವಕೀಲರಿಗೆ ಗಂಟೆಗಿಷ್ಟು ಅಂತ ಎಲ್ಲಿಂದ ತಂದು ಕೊಡಬೇಕು?

ಇಂಥವರ ನೆರವಿಗೆ ಬರುವುದು 1980ರ ‘ಈಕ್ವಲ್ ಆಕ್ಸೆಸ್ ಟು ಜಸ್ಟಿಸ್’ ಕಾಯ್ದೆ. ಕೋರ್ಟಿನಲ್ಲಿ ಸರ್ಕಾರ ಸೋತರೆ ಎದುರಿನವರ ಫೀಸನ್ನೂ ಅದೇ ಕಟ್ಟಬೇಕು. ತಪ್ಪಿಸಿಕೊಳ್ಳಬೇಕಾದರೆ ತನ್ನ ನಿಲುವಿಗೆ ಸರಿಯಾದ ಆಧಾರ ಇತ್ತು ಅಂತ ಸರ್ಕಾರವೇ ತೋರಿಸಬೇಕು. 1996ರಿಂದ ದರ ಗಂಟೆಗೆ 125 ಡಾಲರ್. ಬೆಲೆ ಏರಿದ ಹಾಗೆ ಕೋರ್ಟು ಅದನ್ನು ಹೆಚ್ಚಿಸಬಹುದು. ತೀರ್ಪು ಅಂತಿಮವಾದ 30 ದಿನದೊಳಗೆ ಅರ್ಜಿ ಹಾಕಬೇಕು. ಭತ್ಯೆ ಸಿಕ್ಕಿರಲೇಬೇಕು ಅಂತೇನಿಲ್ಲ. ಇಲಾಖೆಯ ತೀರ್ಮಾನ ತಪ್ಪು ಅಂತ ಅದನ್ನು ರದ್ದು ಮಾಡಿ, ಮತ್ತೆ ವಿಚಾರಿಸಿ ಅಂತ ಕೋರ್ಟು ಕಳಿಸಿದರೂ ಗೆದ್ದ ಹಾಗೇ. 1993ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿತು.

ಇದರಿಂದ ಕಕ್ಷಿದಾರನಿಗೆ ಏನು ಉಳಿಯುತ್ತದೆ? ಒಂದು ಲೆಕ್ಕ ನೋಡೋಣ. ಕೊನೆಗೆ ಭತ್ಯೆ ಮಂಜೂರಾಗಿ, ಹಳೇ ಬಾಕಿ 40,000 ಡಾಲರ್ ಬಂತು ಅಂದುಕೊಳ್ಳಿ. ಬೇರೊಂದು ಕಾನೂನಿನ ಪ್ರಕಾರ ಕೋರ್ಟಿನ ಕೆಲಸಕ್ಕಾಗಿ ವಕೀಲರಿಗೆ ಬಾಕಿಯ ಶೇಕಡ 25ರವರೆಗೆ, ಅಂದರೆ 10,000 ಸಿಗಬಹುದು. ಸರ್ಕಾರದಿಂದ ಮೊದಲೇ 6,000 ಬಂದಿದೆ. ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಕಡಿಮೆ ಮೊತ್ತವನ್ನು, ಅಂದರೆ ಆ 6,000ವನ್ನು, ಕಕ್ಷಿದಾರನಿಗೆ ವಾಪಸ್ ಕೊಡಬೇಕು. ಅವನ ಕೈಯಿಂದ ನಿಜವಾಗಿ ಹೋಗಿದ್ದು 4,000. ದುಡಿಮೆ ಇಲ್ಲದ ಮನೆಗೆ ಆ 6,000 ಸಣ್ಣ ದುಡ್ಡಲ್ಲ, ಅಲ್ವಾ?

ತೊಡಕು ಇರುವುದು ಇನ್ನೊಂದು ಕಡೆ. ಸರ್ಕಾರ ಕಟ್ಟುವ ಈ ದುಡ್ಡು ಯಾರದು? ವಕೀಲರದಲ್ಲ, ಕಕ್ಷಿದಾರರದು ಅಂತ 2010ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೇಳೋಕೆ ಚೆನ್ನಾಗಿದೆ. ಆದರೆ ಆ ಕೇಸಿನಲ್ಲಿ ಮಹಿಳೆಗೆ ಸರ್ಕಾರದ ಹಳೇ ಸಾಲವಿತ್ತು. ದುಡ್ಡು ಆಕೆಯದೇ ಆದ ಮೇಲೆ ಸರ್ಕಾರ ಅದನ್ನು ಸಾಲಕ್ಕೆ ಮುರಿದುಕೊಳ್ಳಬಹುದು ಅಂತಾಯಿತು. ಕೆಲಸ ಮಾಡಿದ್ದು ವಕೀಲರು, ಫೀಸು ಜಮೆಯಾದದ್ದು ಸರ್ಕಾರದ ಖಾತೆಗೇ! ಕಾನೂನಿನ ಮಾತು ಇಷ್ಟೇ ಎಂದು ಒಪ್ಪಿಕೊಂಡರೂ, ಇದು ಕಾಯ್ದೆಯ ಉದ್ದೇಶಕ್ಕೇ ಅಡ್ಡಿ ಅಂತ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಪ್ರತ್ಯೇಕವಾಗಿ ಬರೆದರು. ನನಗೂ ಅದೇ ಸರಿ ಅನ್ನಿಸುತ್ತದೆ. ಸಾಲ ಇರುವುದು ಬಡವರಿಗೇ ತಾನೆ? ಫೀಸಿನ ಖಾತ್ರಿ ಇಲ್ಲದ ಕೇಸು ಯಾವ ವಕೀಲರು ಹಿಡಿಯುತ್ತಾರೆ?

ಈಗ ವಕೀಲರು ಈ ಹಣ ತಮಗೆ ಸೇರಲಿ ಅಂತ ಕಕ್ಷಿದಾರರಿಂದ ಬರೆಸಿಕೊಳ್ಳುತ್ತಾರೆ. ಸರ್ಕಾರದ ಸಾಲ ಇಲ್ಲದಿದ್ದರೆ ಚೆಕ್ಕು ಅವರಿಗೇ ಬರುತ್ತದೆ. ಇದ್ದರೆ ಮೊದಲು ಸಾಲ, ಉಳಿದರೆ ಫೀಸು.

ನಮಸ್ಕಾರ.